ಹಳದಿ ಗೆರೆಯ ಈಚೆ

ಕೋರ್ಸಿನ ಕೊನೆಯ ಪರೀಕ್ಷೆಗೆ ಇಲಾಖೆಯ ಪರೀಕ್ಷಕರು ಬಾರದೇ ಹೋಗಬಹುದಿತ್ತು. ಬಂದರೂ ಅವರು ಬಂದ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಬಹುದಿತ್ತು. ಯಲಹಂಕದ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ದೊಡ್ಡವರು ಬರುವ ಸುದ್ದಿ ಹೇಗೋ ಮೊದಲೇ ತಲುಪುತ್ತದೆ. ಪಾತ್ರೆ ತಿಕ್ಕಿ ಸವೆದ ಬೆರಳುಗಳನ್ನು ಹಾಜರಿ ಯಂತ್ರ ಗುರುತಿಸದೆ, ಕೋರ್ಸು ಮುಗಿಸಿದವರನ್ನೇ ಗೈರುಹಾಜರು ಅನ್ನಬಹುದಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಅರ್ಧ ಬ್ಯಾಚಿಗೆ ಮೈಯಲ್ಲಿ ರಕ್ತವೇ ಇಲ್ಲ ಎಂದು ಬರಬಹುದಿತ್ತು. ಎರಡನೇ ಶಿಫ್ಟು ಅನ್ನುವ ಮಾತು ಕೇಳಿದ ಕೂಡಲೇ ಗಂಡಂದಿರು, ಅತ್ತೆಯರು, ಅಲ್ಲಿಯವರೆಗೆ ಪತ್ತೆಯೇ ಇಲ್ಲದ ಮೈದುನರು ಬಾಗಿಲಿಗೆ ಅಡ್ಡ ನಿಲ್ಲಬಹುದಿತ್ತು. ಮೊದಲ ದಿನವೇ ಕಾರ್ಖಾನೆಯ ಬಸ್ಸು ಹೆಬ್ಬಾಳದಲ್ಲಿ ಸಿಕ್ಕಿಕೊಂಡು ಎಲ್ಲರೂ ತಡವಾಗಿ ಗೇಟಿಗೆ ಹೋಗಬಹುದಿತ್ತು. ಕಾರ್ಖಾನೆಯೇ ಮನಸ್ಸು ಬದಲಿಸಿ, ಈ ಸಲ ಹುಡುಗರೇ ಸಾಕು ಎಂದು ಒಂದು ಸಾಲಿನ ಮೇಲ್ ಕಳಿಸಬಹುದಿತ್ತು. ಇಷ್ಟೆಲ್ಲದರ ನಡುವೆ ಬಿ.ಪಿ. ಏರಿ ನಾನೇ ಆಸ್ಪತ್ರೆ ಸೇರಬಹುದಿತ್ತು. ಅದಕ್ಕಾಗಿ ನಾನು ಎಷ್ಟು ವರ್ಷಗಳಿಂದ ಶ್ರದ್ಧೆಯಿಂದ ಕಾಯುತ್ತಿದ್ದೇನೆಂದರೆ, ಆಗದೆ ಇರುವುದು ಒಂದು ಬಗೆಯ ಅವಮಾನವಾಗಿದೆ.

ಇವುಗಳಲ್ಲಿ ಒಂದೂ ಆಗಲಿಲ್ಲ.

ನಾನಿರುವುದು ಸರ್ಕಾರದ ಯೋಜನೆಯಡಿ ನಡೆಯುವ ಒಂದು ಕೌಶಲ್ಯ ತರಬೇತಿ ಕೇಂದ್ರದಲ್ಲಿ. ಕಲಿತವರಿಗೆ ಕೆಲಸ ಹುಡುಕಿ ಕೊಡುವುದು ನನ್ನ ಕೆಲಸ. ಕೆಲಸದ ಬಗ್ಗೆ ಇಷ್ಟು ಹೆದರುವವಳಿಗೆ ಈ ಕೆಲಸ ಯಾರು ಕೊಟ್ಟರೋ ಗೊತ್ತಿಲ್ಲ. ಹೆಂಗಸರ ಬ್ಯಾಚು ಎಂದರೆ ನಮ್ಮಲ್ಲಿ ಹೊಲಿಗೆ ಅಥವಾ ಬ್ಯೂಟಿಷಿಯನ್. ಈ ಸಲ ಮಾತ್ರ ಇಲಾಖೆಯಿಂದ ಸಿ.ಎನ್.ಸಿ. ಆಪರೇಟರ್ ಕೋರ್ಸು ಬಂತು. ಸಿ.ಎನ್.ಸಿ. ಎಂದರೆ ಲೋಹವನ್ನು ಕಡೆಯುವ ಯಂತ್ರ. ಎಲ್ಲಿ, ಎಷ್ಟು ಕಡೆಯಬೇಕೆಂದು ಅದಕ್ಕೆ ಸಂಖ್ಯೆಗಳಲ್ಲಿ ಹೇಳಬೇಕು. ಅದನ್ನು ಕಲಿತವರಿಗೆ ಕಂಪನಿಗಳು ತಮ್ಮದೇ ರೋಲ್‌ನಲ್ಲಿ, ಅಂದರೆ ನಡುವೆ ಗುತ್ತಿಗೆದಾರನಿಲ್ಲದೆ ನೇರವಾಗಿ, ಕೆಲಸ ಕೊಡುತ್ತವೆ. ಈ ಊರಿನ ಕಡೆ ‘ಕಂಪನಿ ರೋಲ್’ ಎಂದು ಹೇಳುವಾಗ ಜನರ ದನಿ ಸ್ವಲ್ಪ ತಗ್ಗುತ್ತದೆ, ದೇವರ ಹೆಸರು ಹೇಳುವಾಗ ಆಗುವ ಹಾಗೆ.

ಬ್ಯಾಚಿನಲ್ಲಿ ಎಲ್ಲರಿಗಿಂತ ದೊಡ್ಡವಳು ಹುಣಸಮಾರನಹಳ್ಳಿಯವಳು. ತಲೆಮಾರುಗಳಿಂದ ಅಲ್ಲಿಯೇ ಇದ್ದ ಮನೆತನ. ಈಗ ವಿಮಾನ ನಿಲ್ದಾಣದ ರಸ್ತೆ ಅವರ ಮನೆಯ ಪಕ್ಕದಲ್ಲೇ ಗದ್ದಲ ಮಾಡುತ್ತದೆ. ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ಗುತ್ತಿಗೆ ಮೇಲೆ ದುಡಿದು ಬಂದಿದ್ದಳು. ಕುಳ್ಳಿ, ಸಣ್ಣ ಮೈಕಟ್ಟು, ದೊಡ್ಡ ಗಂಟಲು. ಅವಳ ಬಗ್ಗೆ ನನ್ನ ಚಿಂತೆಗೆ ಕಾರಣ ವಯಸ್ಸು. ಮೂವತ್ತೈದು ತುಂಬಿದವರನ್ನು ಕಂಪನಿಗಳು ಹೊಸಬರೆಂದು ತೆಗೆದುಕೊಳ್ಳುವುದಿಲ್ಲ. ಅವಳಿಗೆ ಬರುವ ಯುಗಾದಿಯ ಹೊತ್ತಿಗೆ ಮೂವತ್ತೈದು. ಈ ಬ್ಯಾಚಿನಲ್ಲಿ ಆದರೆ ಆಯಿತು; ಇಲ್ಲವಾದರೆ ಮತ್ತೆ ಗುತ್ತಿಗೆ, ಮತ್ತೆ ಯಾರದೋ ಏಜೆನ್ಸಿಯ ಟೆಂಪೋ.

ಇದನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವಳೇ ಮೊದಲ ವಾರ ನನ್ನ ಮೇಜಿನ ಮುಂದೆ ನಿಂತು ಹೇಳಿದಳು: “ಮೇಡಂ, ನಂದು ಇದೇ ಲಾಸ್ಟ್ ಬಸ್ಸು. ನೀವ್ ಇಂಗೆ ಮುಖ ಸಣ್ಣ ಮಾಡ್ಕಂಡ್ ನೋಡ್‌ಬೇಡಿ, ನಂಗ್ ಭಯ ಆಯ್ತದೆ.”

ನಮ್ಮ ತರಬೇತುದಾರರು ಗದಗ ಕಡೆಯವರು, ಚಿಕ್ಕಬಾಣಾವರದಿಂದ ದಿನಾ ಬೈಕಿನಲ್ಲಿ ಬರುತ್ತಿದ್ದರು. ಮೊದಲ ತಿಂಗಳು ಅವರು ಯಂತ್ರ ಮುಟ್ಟಿಸಲೇ ಇಲ್ಲ. ವರ್ನಿಯರ್, ಮೈಕ್ರೋಮೀಟರ್, ಅಳತೆ, ಮತ್ತೆ ಅಳತೆ. ನಂತರ ಯಂತ್ರದ ಭಾಷೆ. ನಮ್ಮಲ್ಲಿದ್ದದ್ದು ಒಂದೇ ಯಂತ್ರ, ಅದೂ ಯಾವುದೋ ಕಾರ್ಖಾನೆ ಬಳಸಿ ಬಿಟ್ಟದ್ದು. ಅದರ ಮುಂದೆ ಒಬ್ಬರು ಕೆಲಸ ಮಾಡುವಾಗ ಉಳಿದವರು ಸುತ್ತ ನಿಂತು ನೋಡಬೇಕು. ನಾನು ಗಾಜಿನ ಬಾಗಿಲ ಆಚೆ ನಿಂತು ಎಲ್ಲರನ್ನೂ ನೋಡುತ್ತಿದ್ದೆ.

“ಮೇಡಂ, ನೀವು ಒಳಗ್ ಬರ್ರಿ, ಇಲ್ಲಾಂದ್ರ ಆಫೀಸಿಗ್ ಹೋಗ್ರಿ,” ಎಂದರು ತರಬೇತುದಾರರು ಒಂದು ದಿನ. “ಆಪರೇಷನ್ ಥಿಯೇಟರ್ ಹೊರಗ ನಿಂತಂಗ ನಿಂತ್ರ ನಮ್ ಕೈ ನಡಗತಾವ್.”

ಆ ವಾರವೇ ಅದು ಆಯಿತು. ಹುಣಸಮಾರನಹಳ್ಳಿಯವಳ ಸರದಿ. ಕಡೆಯುವ ಹತಾರು ಎಷ್ಟು ದೂರದಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವ ಸಂಖ್ಯೆಗೆ ಆಫ್‌ಸೆಟ್ ಎನ್ನುತ್ತಾರೆ. ಅದನ್ನು ಋಣ ಸಂಖ್ಯೆಯಾಗಿ ಕೊಡಬೇಕು. ಅವಳು ಸಂಖ್ಯೆ ಸರಿಯಾಗಿ ಒತ್ತಿದಳು, ಅದರ ಹಿಂದಿನ ಮೈನಸ್ ಗುರುತು ಬಿಟ್ಟಳು. ಹಸಿರು ಗುಂಡಿ ಒತ್ತಿದಾಗ ಹತಾರು ನಿಲ್ಲಬೇಕಾದಲ್ಲಿ ನಿಲ್ಲದೆ, ಲೋಹದ ತುಂಡನ್ನು ಕಚ್ಚಿ ಹಿಡಿದು ಸುತ್ತುತ್ತಿದ್ದ ಚಕ್‌ಗೇ ಹೋಗಿ ಬಡಿಯಿತು. ಆ ಸದ್ದು ಆಫೀಸಿನವರೆಗೆ ಕೇಳಿತು. ನಾನು ಓಡಿ ಬಂದಾಗ ಅವಳ ಅಂಗೈ ಇನ್ನೂ ಕೆಂಪು ಗುಂಡಿಯ ಮೇಲೇ ಇತ್ತು. ಅದನ್ನು ಒತ್ತಿಯಾಗಿತ್ತು, ತಡವಾಗಿ.

“ಮೈನಸ್ಸು ಆಕ್ಲಿಲ್ಲ ಮೇಡಂ,” ಎಂದಳು. ಮತ್ತೆ ಅದನ್ನೇ ಹೇಳಿದಳು.

ಯಂತ್ರದ ಹತಾರು ಹಿಡಿಯುವ ಭಾಗ ಜರುಗಿತ್ತು. ಪೀಣ್ಯದಿಂದ ಮೆಕ್ಯಾನಿಕ್ ಬರಬೇಕು, ಅವನಿಗೆ ಬೇರೆಡೆ ಕೆಲಸ. ಯಂತ್ರ ನಿಂತಿತು, ಬ್ಯಾಚು ನಿಂತಿತು. ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ನಾನು ಬಸ್ಸು ಹಿಡಿದು ಹುಣಸಮಾರನಹಳ್ಳಿಗೆ ಹೋದೆ. ಅವಳು ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಒಳಗಿಂದ ಅವಳ ಅತ್ತೆ, “ಮಿಸನ್ ಮುರ್ದಾಕವ್ಳಂತೆ, ದಂಡ ಕೇಳಕ್ ಬಂದವ್ರೇನೋ,” ಎಂದು ಯಾರಿಗೋ ಹೇಳುವುದು ಕೇಳಿಸಿತು.

“ದಂಡ ಗಿಂಡ ಏನಿಲ್ಲಮ್ಮ,” ಎಂದು ಒಳಕ್ಕೆ ಕೂಗಿದೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನಮ್ಮ ಕೇಂದ್ರದ ಮುಖ್ಯಸ್ಥರು ಎತ್ತಿದ್ದರು. ಅವಳಿಗೆ ಮಾತ್ರ, “ನಾಳೆ ಬಾ. ನೀನು ಬರದಿದ್ರೆ ಮುಂದಿನವರಿಗೂ ಆ ಮಿಷನ್ ಮುಟ್ಟೋಕೆ ಭಯ,” ಎಂದೆ.

“ನಿಮಗಿಂತ್ಲೂ ಭಯಸ್ತರು ಯಾರವ್ರೆ ಅಲ್ಲಿ?” ಎಂದಳು. ನಗಲಿಲ್ಲ. ಮರುದಿನ ಬಂದಳು.

ತರಬೇತುದಾರರು ಅವಳನ್ನು ಬೈಯಲಿಲ್ಲ. “ಮಿಷನ್ ಅಂದ್ಮ್ಯಾಲ ಬಡೀತೈತವ್ವ. ನಾನೂ ಬಡಿಸೀನಿ,” ಎಂದರು. ಆದರೆ ಅಂದಿನಿಂದ ಒಂದು ಪದ್ಧತಿ ಹಾಕಿದರು. ಗುಂಡಿ ಒತ್ತುವ ಮೊದಲು ಆಫ್‌ಸೆಟ್ಟನ್ನು ಗುರುತಿನ ಸಮೇತ ಗಟ್ಟಿಯಾಗಿ ಓದಬೇಕು. ಪಕ್ಕದಲ್ಲಿ ನಿಂತವಳು ಅದನ್ನು ಪರದೆಯ ಮೇಲೆ ನೋಡಿ ‘ಹೌದು’ ಅನ್ನಬೇಕು. ಆಮೇಲೆ ಸೂಚನೆಗಳನ್ನು ಒಂದೊಂದೇ ಸಾಲಾಗಿ, ವೇಗ ತಗ್ಗಿಸುವ ತಿರುಗುಗುಂಡಿಯ ಮೇಲೆ ಕೈ ಇಟ್ಟುಕೊಂಡು ಓಡಿಸಬೇಕು. ಯಂತ್ರ ರಿಪೇರಿಯಾದ ಮೇಲೆ ಆ ಕೋಣೆಯಿಂದ ದಿನವಿಡೀ ‘ಮೈನಸ್ಸು...’ ‘ಹೌದು’ ಎಂಬ ಮಂತ್ರ ಕೇಳುತ್ತಿತ್ತು. ಹುಣಸಮಾರನಹಳ್ಳಿಯವಳ ದನಿ ಎಲ್ಲಕ್ಕಿಂತ ಮೇಲೆ.

ಆ ತಡದಿಂದ ಇನ್ನೊಂದು ತೊಂದರೆ ಬಂತು. ಇಲಾಖೆಗೆ ನಾವು ಇಂತಿಷ್ಟು ಜನರಿಗೆ ಕೆಲಸ ಕೊಡಿಸಿದೆವೆಂದು ಇಂತಿಷ್ಟು ದಿನದೊಳಗೆ ತೋರಿಸಬೇಕು. ತೋರಿಸದಿದ್ದರೆ ಮುಂದಿನ ಬ್ಯಾಚು ಇಲ್ಲ. ಆ ಹೊತ್ತಿಗೆ ಸರಿಯಾಗಿ ಒಬ್ಬ ಮ್ಯಾನ್‌ಪವರ್ ಏಜೆನ್ಸಿಯವನು ಬಂದ. ವಿಮಾನ ನಿಲ್ದಾಣದ ಹತ್ತಿರದ ಗೋದಾಮಿಗೆ ಜನ ಬೇಕಂತೆ.

“ಮೇಡಂ, ನಾಳೆಯಿಂದ್ಲೇ ಕಳಿಸಿ. ಎಲ್ರನ್ನೂ ತಗೋತೀನಿ, ಒಬ್ರನ್ನೂ ರಿಜೆಕ್ಟ್ ಮಾಡಲ್ಲ,” ಎಂದ. ಒಬ್ಬರನ್ನೂ ತಿರಸ್ಕರಿಸದ ಕೆಲಸ ಎಂಥದ್ದು ಎಂದು ನನಗೆ ಗೊತ್ತು.

ಮುಖ್ಯಸ್ಥರಿಗೆ ಅದು ಪರಿಹಾರವಾಗಿ ಕಂಡಿತು. “ಕೊಟ್ಬಿಡಿ ಮೇಡಂ. ಕೆಲಸ ಅಂದ್ರೆ ಕೆಲಸ. ಮಿಷನ್ ಓಡಿಸಿದ್ರಾ, ಡಬ್ಬ ಎತ್ತಿದ್ರಾ ಅಂತ ಮೇಲಿನವ್ರೇನು ಬಂದು ನೋಡ್ತಾರಾ?”

“ಹಾಗಾದ್ರೆ ಮೈಕ್ರೋಮೀಟರ್ ಯಾಕ್ ಕಲ್ಸಿದ್ವಿ ಸರ್?”

“ನೀವು ಯಾವಾಗ್ಲೂ ಹಿಂಗೆ. ಏನಾದ್ರೂ ಆದ್ರೆ ಅಂತ ಹೆದರ್ತೀರಿ, ಆಗೋದಕ್ಕೂ ಬಿಡಲ್ಲ.”

ಮಾತು ನಿಜವಿತ್ತು. ಆ ಮಧ್ಯಾಹ್ನ ನಾನು ಬ್ಯಾಚಿನ ಮುಂದೆ ಎರಡೂ ದಾರಿ ಇಟ್ಟೆ. ಗೋದಾಮು ನಾಳೆಯೇ, ಆದರೆ ಗುತ್ತಿಗೆ. ಕಂಪನಿ ರೋಲ್ ಬೇಕೆಂದರೆ ದೊಡ್ಡಬಳ್ಳಾಪುರ ರಸ್ತೆಯ ಬಿಡಿಭಾಗಗಳ ಕಾರ್ಖಾನೆಯೊಂದು ಕೌಶಲ ಪರೀಕ್ಷೆ ಮಾಡಲು ಒಪ್ಪಿದೆ. ಎಷ್ಟು ಜನರನ್ನು ತೆಗೆದುಕೊಳ್ಳುತ್ತಾರೋ, ತೆಗೆದುಕೊಳ್ಳುತ್ತಾರೋ ಇಲ್ಲವೋ, ಗೊತ್ತಿಲ್ಲ. ಕೆಲವರು ಗೋದಾಮಿಗೆ ಹೊರಟರು. ಅವರ ಮನೆಯ ಒಲೆ ನನ್ನ ತತ್ವಕ್ಕೆ ಕಾಯುವುದಿಲ್ಲ, ಅವರನ್ನು ತಡೆಯಲಿಲ್ಲ. ಹುಣಸಮಾರನಹಳ್ಳಿಯವಳು ಕೂತಲ್ಲಿಂದ ಏಳಲಿಲ್ಲ.

“ಗಾರ್ಮೆಂಟ್ಸಲ್ಲಿ ಅಷ್ಟ್ ವರ್ಸ ಇದ್ನಲ್ಲ ಮೇಡಂ,” ಎಂದಳು. “ಒಂದಿನ ಗೇಟಲ್ಲಿ ಲಿಸ್ಟ್ ಓದಿದ್ರು, ನನ್ನೆಸ್ರು ಇರ್ಲಿಲ್ಲ. ಯಾಕೆ ಅಂತ ಕೇಳಕ್ ಓದ್ರೆ, ನೀನು ನಮ್ಮೋಳಲ್ಲ, ಏಜೆನ್ಸಿಯೋಳು ಅಂದ್ರು. ಏಜೆನ್ಸಿಯೋನು ಫೋನೇ ಎತ್ಲಿಲ್ಲ. ನಾನ್ ಕಾಯ್ತೀನಿ ಬುಡಿ.”

ಹದಿನೈದು ದಿನ ಕೊಡಿ ಎಂದು ಮುಖ್ಯಸ್ಥರಿಗೆ ಹೇಳಿದೆ. ಧೈರ್ಯದಿಂದ ಹೇಳಿದೆ ಎಂದು ಯಾರೂ ತಿಳಿಯಬಾರದು. ಎರಡು ಭಯಗಳನ್ನು ತೂಗಿ ನೋಡಿದಾಗ, ಅವಳನ್ನು ಟೆಂಪೋ ಹತ್ತಿಸಿ ನಿಂತು ನೋಡುವ ಭಯ ದೊಡ್ಡದಾಗಿ ಕಂಡಿತು, ಅಷ್ಟೆ.

ನಂತರದ ದಿನಗಳಲ್ಲಿ ನಾನು ಆ ಕಾರ್ಖಾನೆಗೆ ಎಷ್ಟು ಸಲ ಹೋದೆನೆಂದರೆ ಸೆಕ್ಯುರಿಟಿಯವರು ನನ್ನನ್ನು ಅಲ್ಲಿಯೇ ಕೆಲಸ ಮಾಡುವವಳೆಂದು ತಿಳಿದರು. ಹೆಂಗಸರ ಶೌಚಾಲಯ ನೋಡಿದೆ. ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಬಟ್ಟೆ ಬದಲಿಸುವ ಕೋಣೆಯ ಕಿಟಕಿ ಯಾವ ಕಡೆಗೆ ತೆರೆಯುತ್ತದೆ ಎಂದು ಹೊರಗಿನಿಂದ ಸುತ್ತಿ ಬಂದು ಪರೀಕ್ಷಿಸಿದೆ. ಎರಡನೇ ಶಿಫ್ಟು ಮುಗಿದಾಗ ಬಸ್ಸು ಮನೆಯ ತಿರುವಿನಲ್ಲಿ ನಿಲ್ಲಿಸುತ್ತದೋ, ಮುಖ್ಯರಸ್ತೆಯಲ್ಲೋ. ಅಲ್ಲಿ ದೀಪ ಇದೆಯೋ. ಕ್ಯಾಂಟೀನಿನಲ್ಲಿ ಹೆಂಗಸರಿಗೆ ಕೂರಲು ಜಾಗವೆಲ್ಲಿ. ಅಲ್ಲಿನ ಎಚ್.ಆರ್. ಮ್ಯಾನೇಜರ್ ವಯಸ್ಸಿನಲ್ಲಿ ನನ್ನ ಅಕ್ಕನ ಮಗನಷ್ಟು. ಕೊನೆಗೆ ಅವರು ಕೈಮುಗಿದರು.

“ಮೇಡಂ, ಸಂಬಂಧ ನೋಡೋಕ್ ಬಂದಂಗಿದೆ ಕಣ್ರೀ. ಜಾತಕನೂ ಕೊಟ್ಬಿಡ್ಲಾ?”

“ಇಟ್ಕೊಂಡಿದ್ರೆ ಕೊಡಿ,” ಎಂದೆ.

ಕೌಶಲ ಪರೀಕ್ಷೆ ಕಾರ್ಖಾನೆಯ ಒಳಗೇ ನಡೆಯಿತು. ಪ್ರತಿಯೊಬ್ಬರೂ ಒಂದು ಉಕ್ಕಿನ ತುಂಡನ್ನು ನಕ್ಷೆಯ ಅಳತೆಗೆ ಕಡೆದು ಕೊಡಬೇಕು. ನನ್ನನ್ನು ಗಾಜಿನ ಆಚೆ ಕೂರಿಸಿದರು. ಗಾಜಿನ ಆಚೆ ಇರುವುದು ನನಗೆ ಹೊಸತಲ್ಲ. ಹುಣಸಮಾರನಹಳ್ಳಿಯವಳು ಯಂತ್ರದ ಮುಂದೆ ನಿಂತಳು. ತುಟಿ ಅಲ್ಲಾಡುವುದು ಕಾಣಿಸಿತು. ಅಲ್ಲಿನ ಫೋರ್‌ಮನ್ ಬಾಗಿ ಏನೋ ಕೇಳಿದರು. ಆಮೇಲೆ ಅವಳೇ ಹೇಳಿದ್ದು: “ಯಾರ್ ಜೊತೆ ಮಾತಾಡ್ತಿದೀಯಮ್ಮಾ ಅಂದ್ರು. ಮಿಸನ್ ಜೊತೆ ಅಂದೆ. ಏನಂತದೆ ಅಂದ್ರು. ಔದು ಅನ್ನೋರು ಯಾರೂ ಇಲ್ವಲ್ಲ, ನೀವೇ ಒಸಿ ಅನ್ನಿ ಸಾರ್ ಅಂದೆ.” ಫೋರ್‌ಮನ್ ಪರದೆ ನೋಡಿ ‘ಹೌದು’ ಅಂದರಂತೆ. ಅವಳ ತುಂಡು ಅಳತೆಯೊಳಗೆ ಬಂತು.

ಆರು ಜನರಿಗೆ ಕಂಪನಿ ರೋಲ್ ಸಿಕ್ಕಿತು. ಆರರಲ್ಲಿ ಅವಳೂ ಒಬ್ಬಳು. ಮೊದಲ ಮೂರು ತಿಂಗಳು ಪರೀಕ್ಷಾವಧಿ. ಯಂತ್ರದ ಮೇಲೆ ಎಷ್ಟು ಕೆಲಸ ಮಾಡಿದರು, ಹೇಗೆ ಮಾಡಿದರು ಎಂದು ನೋಡಿ ಖಾಯಂ. ಪತ್ರ ಕೈಗೆ ಬಂದ ದಿನ ಅವಳು ನನಗೆ ಒಂದು ಚೀಲ ಹಸಿ ಅವರೆಕಾಯಿ ತಂದು ಮೇಜಿನ ಮೇಲಿಟ್ಟಳು. ನಾನು ಕಾಯಿ ಬಿಡಿಸುತ್ತಾ ವೈದ್ಯಕೀಯ ತಪಾಸಣೆಯ ಬಗ್ಗೆ ಚಿಂತಿಸತೊಡಗಿದೆ. ಎಲ್ಲರೂ ತಪಾಸಣೆ ದಾಟಿದರು. ಅತ್ತೆಯರು ಒಪ್ಪಿದರು. ಬಸ್ಸು ಸಮಯಕ್ಕೆ ಬಂತು.

ಕೆಲಸಕ್ಕೆ ಸೇರುವ ದಿನ ನಾನೂ ಗೇಟಿನವರೆಗೆ ಹೋಗಿದ್ದೆ. ಬಟ್ಟೆ, ಟೋಪಿ, ಕನ್ನಡಕ ಎಲ್ಲ ಕೊಟ್ಟರು. ಕೊನೆಗೆ ಸ್ಟೋರ್ಸಿನವರು ಸೇಫ್ಟಿ ಶೂ ತಂದರು, ಬೆರಳ ಕಡೆ ಉಕ್ಕಿನ ಕವಚ ಇರುವಂಥವು. ಗಂಡಸರೇ ಇದ್ದ ಕಾರ್ಖಾನೆ; ಇದ್ದ ಅಳತೆಗಳಲ್ಲಿ ಎಲ್ಲಕ್ಕಿಂತ ಸಣ್ಣದು ಆರು. ಐದು ಜನ ದಪ್ಪ ಕಾಲುಚೀಲ ಹಾಕಿ ಹೇಗೋ ಹೊಂದಿಸಿಕೊಂಡರು. ಹುಣಸಮಾರನಹಳ್ಳಿಯವಳ ಕಾಲಿನ ಅಳತೆ ಮೂರು. ಎದ್ದು ಹೆಜ್ಜೆ ಇಟ್ಟಳು. ಕಾಲು ಮುಂದೆ ಬಂತು, ಶೂ ಹಿಂದೆ ಉಳಿಯಿತು.

ನಮ್ಮ ಕೇಂದ್ರದಲ್ಲಿ ಅವಳು ಹಿಂದಿನ ಹುಡುಗರ ಬ್ಯಾಚಿನವರು ಬಿಟ್ಟುಹೋದ ಶೂಗಳಲ್ಲಿ ಬಟ್ಟೆ ತುರುಕಿಕೊಂಡು ಕಲಿತಿದ್ದಳು. ನಾವೆಲ್ಲ ಅದನ್ನು ದಿನಾ ನೋಡಿದ್ದೆವು, ತರಬೇತುದಾರರು ಸುತ್ತಿ ಕಟ್ಟಲು ಹಗ್ಗವನ್ನೂ ಕೊಟ್ಟಿದ್ದರು. ಇರುವುದರಲ್ಲಿ ಹೊಂದಿಸಿಕೊಳ್ಳುವುದು ನಮ್ಮಂಥ ಕೇಂದ್ರಗಳ ಹುಟ್ಟುಗುಣ. ಪರೀಕ್ಷೆಯ ದಿನ ಕಾರ್ಖಾನೆಯವರು, ಭೇಟಿಗೆ ಬಂದವರಿಗೆ ಕೊಡುವ, ಚಪ್ಪಲಿಯ ಮೇಲೆ ಸಿಕ್ಕಿಸಿಕೊಳ್ಳುವ ಉಕ್ಕಿನ ಬೆರಳುಕವಚ ಕೊಟ್ಟಿದ್ದರು. ಶೌಚಾಲಯದ ಚಿಲಕ ಎಳೆದು ನೋಡಿದ ನನಗೆ ಕಾಲು ಹೊಳೆದಿರಲಿಲ್ಲ.

ಅಲ್ಲಿನ ಸುರಕ್ಷತಾ ಅಧಿಕಾರಿ ಒಳ್ಳೆಯ ಮನುಷ್ಯ. ಬಟ್ಟೆ ತುರುಕಿದ ಶೂ ನೋಡಿ ತಲೆಯಾಡಿಸಿದರು. “ಎಡವಿ ಬಿದ್ರೆ ಕೈ ಎಲ್ಲಿಗ್ ಹೋಗತ್ತೆ ಹೇಳಿ ಮೇಡಂ? ಇದಕ್ಕಿಂತ ಬರಿಗಾಲೇ ವಾಸಿ. ನಾನ್ ಸೈನ್ ಹಾಕಲ್ಲ.” ಯಂತ್ರಗಳ ಸಾಲಿನ ಮುಂದೆ ನೆಲದ ಮೇಲೆ ಹಳದಿ ಗೆರೆ ಇದೆ, ಸರಿಯಾದ ಶೂ ಇಲ್ಲದೆ ಅದನ್ನು ದಾಟುವಂತಿಲ್ಲ. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಐದು ಜನ ಗೆರೆ ದಾಟಿದರು. ಅವಳನ್ನು ‘ಸದ್ಯಕ್ಕೆ’ ಪ್ಯಾಕಿಂಗಿಗೆ ಕಳಿಸಿದರು.

ಖರೀದಿ ವಿಭಾಗದವರು ಶೂ ಕಂಪನಿಗೆ ಬರೆದರು. ಅಷ್ಟು ಸಣ್ಣ ಅಳತೆ ಒಂದೇ ಜೊತೆ ಮಾಡಿಕೊಡುವುದಿಲ್ಲ, ಕಂತೆಯಲ್ಲಿ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ನಾನು ಯಶವಂತಪುರದ ಅಂಗಡಿಗಳನ್ನು ಸುತ್ತಿದೆ. “ಮಕ್ಕಳ ಸೈಜ್‌ನಲ್ಲಿ ಸೇಫ್ಟಿ ಶೂನಾ? ಮಕ್ಕಳನ್ನ ಫ್ಯಾಕ್ಟರಿಗ್ ಕಳಿಸ್ತೀರೇನ್ರಿ?” ಎಂದು ಒಬ್ಬ ಅಂಗಡಿಯವನು ಸಂಶಯದಿಂದ ನೋಡಿದ. ಕೊನೆಗೆ ಆನ್‌ಲೈನಿನಲ್ಲಿ ಒಂದು ಜೊತೆ ಸಿಕ್ಕಿತು. ತರಿಸಿಕೊಂಡು ಗೇಟಿಗೆ ಓಡಿದೆ. ಸೆಕ್ಯುರಿಟಿ ಕೋಣೆಯ ಬೆಂಚಿನ ಮೇಲೆ ಕೂತು ಅವಳು ಹಾಕಿಕೊಂಡಳು, ಎದ್ದು ನಡೆದಳು, ತಿರುಗಿ ಬಂದಳು.

“ಅಳತೆ ಕೊಟ್ ಒಲ್ಸಿದಂಗೆ ಕುಂತವೆ ಮೇಡಂ.”

ಸುರಕ್ಷತಾ ಅಧಿಕಾರಿ ಒಂದು ಶೂ ಕೈಗೆ ತೆಗೆದುಕೊಂಡು ಅಡಿಭಾಗ ತಿರುಗಿಸಿ ನೋಡಿದರು, ಪೆಟ್ಟಿಗೆ ನೋಡಿದರು. ಕಂಪನಿ ಒಪ್ಪಿದ ತಯಾರಕರದ್ದಲ್ಲ. “ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವ್ರು ಮೊದಲು ಕೇಳೋದೇ ಇದನ್ನ,” ಎಂದರು. ಶೂಗೆ ಅಂಟಿದ್ದ ಮಣ್ಣನ್ನು ಬೆರಳಿನಿಂದ ಒರೆಸಿ, ಪೆಟ್ಟಿಗೆಗೆ ಹಾಕಿ, ನನ್ನ ಕೈಗೆ ಕೊಟ್ಟರು. “ನಾನೂ ಖರೀದಿಯವರಿಗೆ ಜ್ಞಾಪಿಸ್ತೀನಿ ಮೇಡಂ.” ಜ್ಞಾಪಿಸಿದ್ದೂ ನಿಜ; ಒಬ್ಬಳಿಗಾಗಿ ಒಂದು ಕಂತೆ ತರಿಸಲು ಖರೀದಿಯವರು ಮುಂದಾಗಲಿಲ್ಲ.

ಪರೀಕ್ಷಾವಧಿ ಮುಗಿದಾಗ ಐದು ಜನ ಖಾಯಂ ಆದರು. ಆರನೆಯವಳು ಯಂತ್ರದ ಮೇಲೆ ಒಂದು ಗಂಟೆಯೂ ಕೆಲಸ ಮಾಡಿರಲಿಲ್ಲ. ಆಪರೇಟರ್ ಎಂದು ಖಾಯಂ ಮಾಡಲು ಅಳೆಯುವಂಥದ್ದೇನೂ ಇರಲಿಲ್ಲ. ಪ್ಯಾಕಿಂಗಿನಲ್ಲಿ ಕಂಪನಿ ರೋಲ್ ಇಲ್ಲ, ಅದನ್ನು ನೋಡಿಕೊಳ್ಳುವುದು ಗುತ್ತಿಗೆದಾರ. ಎಚ್.ಆರ್. ಮ್ಯಾನೇಜರ್ ಈ ಸಲ ತಮಾಷೆ ಮಾಡಲಿಲ್ಲ. “ಬಿಡೋಕ್ ಇಷ್ಟ ಇಲ್ಲ ಮೇಡಂ, ಆದ್ರೆ ರೂಲ್ಸು... ಕಾಂಟ್ರಾಕ್ಟ್‌ನಲ್ಲಿ ಇರ್ತಾರಾ ಕೇಳಿ. ಮುಂದಿನ ಬ್ಯಾಚ್‌ಗೆ ಮತ್ತೆ ನೋಡೋಣ.” ಮುಂದಿನ ಬ್ಯಾಚಿನ ಹೊತ್ತಿಗೆ ಯುಗಾದಿ ಕಳೆದು ಅವಳಿಗೆ ಮೂವತ್ತೈದು ತುಂಬಿರುತ್ತದೆ ಎಂದು ನಾನು ಹೇಳಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಇಲಾಖೆಗೆ ಕಳಿಸಿದ ವರದಿಯಲ್ಲಿ ಆರೂ ಜನರಿಗೆ ಕೆಲಸ ಸಿಕ್ಕಿದೆ ಎಂದಿದೆ. ಸುಳ್ಳಲ್ಲ. ನಮಗೆ ಮುಂದಿನ ಬ್ಯಾಚೂ ಸಿಕ್ಕಿತು.

ಮೊನ್ನೆ ಅವಳಿಗೆ ಫೋನ್ ಮಾಡಿದೆ. ಏನು ಕೇಳಬೇಕೆಂದು ತೋಚದೆ, ಬಸ್ಸು ಸರಿಯಾಗಿ ಬರುತ್ತದೆಯೇ ಎಂದು ಕೇಳಿದೆ.

“ಬತ್ತದೆ ಮೇಡಂ. ನಮ್ ತಿರುವಲ್ಲೇ ನಿಲ್ಲಿಸ್ತವ್ನೆ. ಊಟನೂ ಪರವಾಗಿಲ್ಲ.” ಹಿಂದೆ ಎಲ್ಲೋ ರಟ್ಟಿನ ಪೆಟ್ಟಿಗೆಗೆ ಟೇಪು ಎಳೆಯುವ ಸದ್ದು ಕೇಳುತ್ತಿತ್ತು. “ನೀವ್ ಸುಮ್ನೆ ಯೋಚ್ನೆ ಮಾಡ್‌ಬೇಡಿ. ಇಲ್ಲಿ ಶೂನೇ ಬೇಡ ಅಂದವ್ರೆ. ಚಪ್ಪಲೀಲೇ ಓಯ್ತಾ ಇವ್ನಿ.”